ಬಾಗಿಲು ತಟ್ಟಿದವರ ಲೆಕ್ಕ

ಗುಬ್ಬಿ ತಾಲ್ಲೂಕಿನ ಕಡಬದ ಹೆಸರನ್ನು ಇತಿಹಾಸ ಓದಿದವರು ಒಂದು ತಾಮ್ರಶಾಸನದಿಂದ ಬಲ್ಲರು. ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಕಾಲದ್ದು, ಕ್ರಿ.ಶ. 812ರ ಸುಮಾರಿನದು. ಕುನುಂಗಿಲ್ ಸೀಮೆಯನ್ನು, ಎಂದರೆ ಇಂದಿನ ಕುಣಿಗಲ್ ಕಡೆಯನ್ನು, ನೋಡಿಕೊಳ್ಳುತ್ತಿದ್ದ ವಿಮಲಾದಿತ್ಯನಿಗೆ ಶನಿಯ ಪೀಡೆ ಹತ್ತಿತ್ತಂತೆ. ಅರ್ಕಕೀರ್ತಿ ಎಂಬ ಜೈನಮುನಿ ಅದನ್ನು ಪರಿಹರಿಸಿದನೆಂದು ಒಂದು ಊರನ್ನೇ ದತ್ತಿ ಬಿಡಲಾಯಿತು. ಶನಿಪೀಡೆ ಎಂದರೆ ಮೈಯ ಜಾಡ್ಯವೋ ಮನಸ್ಸಿನ ಕಳವಳವೋ ಯಾರು ಬಲ್ಲರು? ಅಂತೂ ಅಧಿಕಾರದಲ್ಲಿದ್ದವನ ಸಂಕಟ ತಾಮ್ರದ ಮೇಲೆ ಅಚ್ಚಾಗಿ ಹನ್ನೆರಡು ಶತಮಾನ ಉಳಿದು ಬಂತು. ಅದೇ ಸೀಮೆಯಲ್ಲಿ ಆಗ ಹೆರಿಗೆಯಲ್ಲಿ ತೀರಿಹೋದ ಹೆಂಗಸರು, ಕೆಮ್ಮಿ ಕೆಮ್ಮಿ ಸೊರಗಿದ ಕೂಲಿಗಳು ಯಾವ ಲೆಕ್ಕಕ್ಕೂ ಬರಲಿಲ್ಲ.

ಯಾರ ಕಾಯಿಲೆ ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ? ಸಾರ್ವಜನಿಕ ಆರೋಗ್ಯದ ಸಂಶೋಧನೆ ಕಲಿಯಲು ಹೊರಟ ಹುಡುಗ ಹುಡುಗಿಯರು ಮೊದಲ ದಿನವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಇದನ್ನು ಕಲಿಸಲು ಜಿನೀವಾದ ಉದಾಹರಣೆಯೋ ಲಂಡನ್ನಿನ ಪಠ್ಯವೋ ಬೇಕೆಂದು ನಮ್ಮ ಕಾಲೇಜುಗಳು ತಿಳಿದಂತಿದೆ. ಆದರೆ ಜಗತ್ತಿನ ಆರೋಗ್ಯ ಚಿಂತನೆಯನ್ನೇ ತಿದ್ದಿದ ಒಂದು ಪಾಠ ಹುಟ್ಟಿದ್ದು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ.

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1959ರಲ್ಲಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಪರಿಣತರೂ ಅಲ್ಲಿದ್ದರು. ಮುಂದೆ ಅದೇ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿ, 1978ರ ಆಲ್ಮಾ ಆಟಾ ಸಮ್ಮೇಳನದ ಕಾಲಕ್ಕೆ ಎಲ್ಲರಿಗೂ ಆರೋಗ್ಯವೆಂಬ ಗುರಿಯನ್ನು ಮುಂದಿಟ್ಟ ಡೆನ್ಮಾರ್ಕಿನ ಹಾಫ್‌ಡಾನ್ ಮಾಲರ್ ಅವರು ಭಾರತದ ಕ್ಷಯರೋಗ ಕೆಲಸದಲ್ಲಿ ಪಳಗಿದ್ದು ಇದೇ ಕಾಲದಲ್ಲಿ. ಸಂಸ್ಥೆಯ ಮೊದಲ ದೊಡ್ಡ ಕೆಲಸಗಳಲ್ಲೊಂದು ತುಮಕೂರು ಜಿಲ್ಲೆಯ ಸಮೀಕ್ಷೆ. 1960–61ರಲ್ಲಿ ಎಕ್ಸ್‌ರೇ ಯಂತ್ರ ಹೊತ್ತ ವ್ಯಾನುಗಳು ಹಳ್ಳಿ ಹಳ್ಳಿಗೆ ಬಂದವು. ಮನೆಮನೆಯ ಹೆಸರು ಬರೆದುಕೊಂಡು ಜನರ ಎದೆಯ ಚಿತ್ರ ತೆಗೆದರು. ಚಿತ್ರದಲ್ಲಿ ಅನುಮಾನ ಕಂಡವರ ಕಫ ಪರೀಕ್ಷೆ ಮಾಡಿದರು.

ಆ ಸಮೀಕ್ಷೆಯ ಬೆನ್ನಿಗೇ ಇನ್ನೊಂದು ಅಧ್ಯಯನ ನಡೆಯಿತು. ವೈದ್ಯಕೀಯ ಓದಿ ಮಾನವಶಾಸ್ತ್ರಕ್ಕೂ ಕೈಹಾಕಿದ್ದ ದೇಬಬ್ರತ ಬ್ಯಾನರ್ಜಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದಿದ್ದ ಸ್ಟಿಗ್ ಆಂಡರ್ಸನ್ ಅದನ್ನು ನಡೆಸಿದರು. ಆ ಕಾಲದ ತಜ್ಞರ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದ ನಂಬಿಕೆ ಹೀಗಿತ್ತು: ಹಳ್ಳಿಗರಿಗೆ ಕ್ಷಯದ ಅರಿವಿಲ್ಲ, ಕೆಮ್ಮನ್ನು ಅವರು ಗಣಿಸುವುದಿಲ್ಲ, ಮಾಟ ಮಂತ್ರ ಎಂದು ಸುಮ್ಮನಾಗುತ್ತಾರೆ, ಆದ್ದರಿಂದ ಮೊದಲು ತಿಳಿವಳಿಕೆ ಕೊಡಬೇಕು, ಆಮೇಲೆ ವ್ಯಾನಿನಲ್ಲಿ ಹೋಗಿ ರೋಗಿಗಳನ್ನು ಹುಡುಕಬೇಕು. ಈ ನಂಬಿಕೆ ನಿಜವೇ ಎಂದು ಇಬ್ಬರೂ ಪರೀಕ್ಷೆಗಿಟ್ಟರು.

ಜಿಲ್ಲೆಯ 34 ಹಳ್ಳಿ ಮತ್ತು ಪಟ್ಟಣದ 4 ಬ್ಲಾಕುಗಳನ್ನು ಆರಿಸಿಕೊಂಡರು. ಎಕ್ಸ್‌ರೇಯಲ್ಲಿ ದೋಷ ಕಂಡವರನ್ನೂ, ಹೋಲಿಕೆಗೆಂದು ಅದೇ ವಯಸ್ಸಿನ, ಅದೇ ಲಿಂಗದ ಬೇರೆಯವರನ್ನೂ ಮಾತನಾಡಿಸಿದರು. ಮಾತಿನ ರೀತಿಯಲ್ಲೇ ದೊಡ್ಡ ಪಾಠವಿದೆ. ಉತ್ತರವನ್ನು ಸೂಚಿಸುವ ಪ್ರಶ್ನೆ ಕೇಳಬಾರದು. ಪ್ಯಾಂಟು ಹಾಕಿಕೊಂಡು ಬಂದವರು ಜಗಲಿಯ ಮೇಲೆ ಕೂತು "ಕೆಮ್ಮು ಐತಾ?" ಎಂದು ಕೇಳಿದರೆ ನಮ್ಮ ಕಡೆಯ ಜನ ಮರ್ಯಾದೆಗಾದರೂ ಹೂಂ ಎನ್ನುತ್ತಾರೆ, ಇಲ್ಲವೇ ಹೆದರಿ ಇಲ್ಲ ಎನ್ನುತ್ತಾರೆ. ಎರಡರಿಂದಲೂ ಏನೂ ತಿಳಿಯುವುದಿಲ್ಲ. ಆರೋಗ್ಯದ ಮಾತನ್ನು ಸುಮ್ಮನೆ ಎತ್ತಿ, ಅವರಾಗಿಯೇ ಏನು ಹೇಳುತ್ತಾರೆ, ಅದಕ್ಕೆ ಚಿಂತೆಪಟ್ಟಿದ್ದಾರೆಯೇ, ಎಲ್ಲಿಗಾದರೂ ಹೋಗಿದ್ದರೇ ಎಂದು ಕಾದು ಕೇಳಬೇಕು. ಕಾಯುವುದಕ್ಕೆ ತರಬೇತಿ ಬೇಕು. ಅಂಕಿ ಅಂಶದ ತರಗತಿಯಲ್ಲಿ ಅದು ಸಿಗುವುದಿಲ್ಲ.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಫಲಿತಾಂಶ ಬಂತು. ಕಫದಲ್ಲಿ ಕ್ರಿಮಿ ಸಿಕ್ಕ ರೋಗಿಗಳಲ್ಲಿ ನೂರಕ್ಕೆ 95 ಮಂದಿಗೆ ತಮ್ಮ ರೋಗಲಕ್ಷಣದ ಅರಿವಿತ್ತು. ನೂರಕ್ಕೆ 72 ಮಂದಿ ಅದರ ಬಗ್ಗೆ ಚಿಂತೆಪಟ್ಟಿದ್ದರು. ನೂರಕ್ಕೆ 52 ಮಂದಿ ಪರಿಹಾರ ಹುಡುಕಿಕೊಂಡು ಆಸ್ಪತ್ರೆಯ ಬಾಗಿಲಿಗೆ ಹೋಗಿಯೂ ಬಂದಿದ್ದರು. ಹೋದವರಿಗೆ ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಬಾಟಲಿ! ಕಫ ನೋಡಲಿಲ್ಲ, ಎದೆ ನೋಡಲಿಲ್ಲ. ಅರಿವಿಲ್ಲದವರು ಹಳ್ಳಿಗರಲ್ಲ, ಬಂದವರನ್ನು ಗುರುತಿಸಲಾಗದೆ ಮನೆಗೆ ಕಳಿಸಿದ್ದು ವ್ಯವಸ್ಥೆ.

ಆ ವಾಕ್ಯವನ್ನು ಈಗ ಸುಲಭವಾಗಿ ಬರೆಯಬಹುದು. ಆಗ ಅದರಿಂದ ದೇಶದ ನೀತಿಯೇ ಬದಲಾಯಿತು. ಫಲಿತಾಂಶ ಅಚ್ಚಾಗುವ ಮೊದಲೇ, 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ರೋಗಿಗಳನ್ನು ಬೇಟೆಯಾಡುವ ವ್ಯಾನುಗಳ ಮೇಲೆ ನಿಲ್ಲಲಿಲ್ಲ. ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು, ಮನೆಯಲ್ಲಿದ್ದೇ ಮಾತ್ರೆ ನುಂಗುವಂತೆ ಮಾಡುವುದು ಅದರ ತಳಹದಿ. ಜಿಲ್ಲೆ ಜಿಲ್ಲೆಗಳಿಂದ ವೈದ್ಯರು, ಎಕ್ಸ್‌ರೇ ತಂತ್ರಜ್ಞರು, ಪ್ರಯೋಗಾಲಯದವರು, ಅಂಕಿ ಅಂಶ ಸಹಾಯಕರು ತಂಡವಾಗಿ ಬೆಂಗಳೂರಿಗೆ ಬಂದು ಕಲಿತರು. ಕಾರ್ಯಕ್ರಮ ಮುಂದಿನ ದಶಕಗಳಲ್ಲಿ ಹಣವಿಲ್ಲದೆ, ಔಷಧವಿಲ್ಲದೆ ಸೊರಗಿದ್ದು ಬೇರೆ ಕಥೆ. ಬ್ಯಾನರ್ಜಿಯವರು ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1970ರ ದಶಕದ ಆರಂಭದಲ್ಲಿ ಸಾಮಾಜಿಕ ವೈದ್ಯಕೀಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ವೈದ್ಯರೂ ಸಮಾಜಶಾಸ್ತ್ರಜ್ಞರೂ ಒಂದೇ ಬೆಂಚಿನಲ್ಲಿ ಕೂತು ಸಂಶೋಧನೆ ಕಲಿಯುವ ಆ ಕೇಂದ್ರದಿಂದ ದೇಶದ ಎಷ್ಟೋ ಆರೋಗ್ಯ ಸಂಶೋಧಕರು ಹೊರಬಂದರು. ಅವರ ಗುರುವಿಗೆ ಪಾಠ ಹೇಳಿದ್ದು ತುಮಕೂರಿನ ಜಗಲಿಗಳು ಎಂಬ ಸಂಗತಿ ನಮ್ಮ ಜಿಲ್ಲೆಯ ಶಾಲಾ ಪುಸ್ತಕಕ್ಕೂ ಸೇರಬೇಕಾದದ್ದು.

ಸುಮಾರು ಅದೇ ಕಾಲಕ್ಕೆ ಬ್ರಿಟನ್ನಿನ ವೇಲ್ಸ್‌ನಲ್ಲಿ ಕಲ್ಲಿದ್ದಲು ಗಣಿಯ ಊರೊಂದರ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ಲೇಖನ ಬರೆದರು. ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುತ್ತದೆ ಎಂಬುದು ಅವರು ಕಂಡ ನಿಯಮ. ಗಣಿಯೂರಿಗೂ ಗುಬ್ಬಿ ತಾಲ್ಲೂಕಿಗೂ ಅಂತರ ಬಹಳ. ನಿಯಮ ಎರಡೂ ಕಡೆ ಒಂದೇ.

2009ರಲ್ಲಿ ತುಮಕೂರು ಜಿಲ್ಲೆಗೆ ಮತ್ತೆ ಸಂಶೋಧಕರು ಬಂದರು. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಸಂಸ್ಥೆ, ಇನ್ನೂ ಕೆಲವು ಸಂಸ್ಥೆಗಳ ಜೊತೆಗೂಡಿ, ತುಮಕೂರು ಜಿಲ್ಲೆಯ ಹತ್ತೂ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳಿಗೆ ತರಬೇತಿ ಕೊಡಲು ಬಂತು. ಆ ಸಂಸ್ಥೆಯನ್ನು ಕಟ್ಟಿದ ಎನ್. ದೇವದಾಸನ್ ನೀಲಗಿರಿಯ ಗೂಡಲೂರಿನಲ್ಲಿ ಆದಿವಾಸಿಗಳ ನಡುವೆ ದುಡಿದ ವೈದ್ಯರು. ತುಮಕೂರಿನ ಅಧ್ಯಯನವನ್ನು ಮುಂದೆ ನಿಂತು ನಡೆಸಿದ ಎನ್.ಎಸ್. ಪ್ರಶಾಂತ್ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಇದ್ದು ಬಂದವರು. ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ರೋಗ ಗುರುತಿಸುವುದು ಗೊತ್ತಿತ್ತು. ತಮ್ಮ ತಾಲ್ಲೂಕಿನ ಯೋಜನೆ ಬರೆಯುವುದು, ಬಂದ ಹಣವನ್ನು ಸಮಯಕ್ಕೆ ಖರ್ಚು ಮಾಡುವುದು, ತಮ್ಮದೇ ಅಂಕಿಗಳನ್ನು ಓದಿ ಎಲ್ಲಿ ಹಿಂದೆ ಬಿದ್ದಿದ್ದೇವೆ ಎಂದು ತಿಳಿಯುವುದು, ಇದನ್ನು ಯಾವ ವೈದ್ಯಕೀಯ ಕಾಲೇಜೂ ಅವರಿಗೆ ಕಲಿಸಿರಲಿಲ್ಲ. ತರಗತಿಗಳಾದವು. ತರಗತಿ ಮುಗಿಸಿ ಹೋದವರ ಕಚೇರಿಗೇ ಮಾರ್ಗದರ್ಶಕರು ಹೋಗಿ ಜೊತೆಗೆ ಕೂತರು.

ಸಂಶೋಧನೆಯ ಸ್ವಾರಸ್ಯ ಇರುವುದು ಆಮೇಲೆ. ಪಾಠ ಒಂದೇ, ಮೇಷ್ಟ್ರು ಒಬ್ಬರೇ, ಆದರೂ ಕೆಲವು ತಾಲ್ಲೂಕುಗಳಲ್ಲಿ ಕೆಲಸ ಚುರುಕಾಯಿತು, ಕೆಲವು ಇದ್ದಲ್ಲೇ ಇದ್ದವು. ಸಾಮಾನ್ಯ ಮೌಲ್ಯಮಾಪನವಾಗಿದ್ದರೆ ಸರಾಸರಿ ತೆಗೆದು ಅಷ್ಟಿಷ್ಟು ಪ್ರಯೋಜನವಾಯಿತು ಎಂದು ವರದಿ ಮುಗಿಯುತ್ತಿತ್ತು. ಇವರು ಯಾರಿಗೆ, ಯಾವ ಸ್ಥಿತಿಯಲ್ಲಿ, ಏಕೆ ಫಲಿಸಿತು ಎಂದು ತಾಲ್ಲೂಕುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಇಲಾಖೆಯ ಬಗ್ಗೆ ನಿಷ್ಠೆ, ತನ್ನಿಂದ ಆಗುತ್ತದೆ ಎಂಬ ಆತ್ಮವಿಶ್ವಾಸ, ಜೊತೆಗಾರರ ಮತ್ತು ಮೇಲಿನವರ ಬೆಂಬಲ, ಇವೆಲ್ಲ ಒಂದೆಡೆ ಕೂಡಿದಲ್ಲಿ ಬದಲಾವಣೆ ಕಂಡಿತು. ಒಂದು ಕೊಂಡಿ ಕಳಚಿದರೂ ಕಲಿತದ್ದು ಕಡತದಲ್ಲೇ ಉಳಿಯಿತು. ಇದನ್ನು ಕುರಿತ ಪ್ರಬಂಧ 2014ರಲ್ಲಿ ಪ್ರಕಟವಾಯಿತು. ಅದೇ ಸಂಸ್ಥೆ ಮುಂದೆ ಜಿಲ್ಲೆಯ ಮೂರು ತಾಲ್ಲೂಕುಗಳ 39 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇನ್ನೊಂದು ಅಧ್ಯಯನಕ್ಕೆ ಕೈಹಾಕಿತು. ಬಿ.ಪಿ., ಶುಗರ್ ಇರುವವರಿಗೆ ತಮ್ಮೂರ ಹತ್ತಿರವೇ ಮಾತ್ರೆ ಸಿಗುವಂತೆ ಮಾಡುವುದು ಹೇಗೆ ಎಂಬುದು ಅದರ ವಿಷಯ. ಹತ್ತು ದಿನಕ್ಕಾಗುವಷ್ಟೇ ಮಾತ್ರೆ ಕೊಟ್ಟು ಕಳಿಸಿದರೆ ತಿಂಗಳಿಗೆ ಮೂರು ಸಲ ಬರಬೇಕು, ಮೂರು ದಿನದ ಕೂಲಿ ಹೋಗಬೇಕು. ಆಗ ಮಾತ್ರೆ ಪುಕ್ಕಟೆ ಎನ್ನುವ ಮಾತಿಗೆ ಏನು ಬೆಲೆ?

ಇಷ್ಟೆಲ್ಲ ತಿಳಿದ ಜಿಲ್ಲೆಯಲ್ಲೇ 2022ರ ನವೆಂಬರಿನಲ್ಲಿ ನಡೆದದ್ದನ್ನು ನೆನೆಯುವುದು ಕಷ್ಟ. ತುಮಕೂರು ನಗರದಲ್ಲಿ ಹೆರಿಗೆ ನೋವೆದ್ದ ಬಡ ಹೆಣ್ಣುಮಗಳು, ತಮಿಳುನಾಡಿನಿಂದ ಬಂದು ನೆಲೆಸಿದ್ದವಳು, ಜಿಲ್ಲಾಸ್ಪತ್ರೆಗೆ ಹೋದಳು. ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಎಂದು ಅವಳನ್ನು ಸೇರಿಸಿಕೊಳ್ಳದೆ ಕಳಿಸಿದರೆಂಬ ಆರೋಪ ಬಂತು. ಮನೆಯಲ್ಲಿ ಅವಳಿ ಮಕ್ಕಳನ್ನು ಹೆತ್ತು ಅವಳೂ ತೀರಿಕೊಂಡಳು, ಮಕ್ಕಳೂ ಉಳಿಯಲಿಲ್ಲ. ಆರೋಗ್ಯ ಸಚಿವರು ಆಸ್ಪತ್ರೆಗೆ ಬಂದರು, ವೈದ್ಯೆ ಮತ್ತು ದಾದಿಯರ ಅಮಾನತು ಆಯಿತು. ಅವಳಿಗೆ ಅರಿವಿರಲಿಲ್ಲವೇ? ಇತ್ತು. ತಾನೇ ಬಂದು ಬಾಗಿಲು ತಟ್ಟಿದ್ದಳು. 1963ರ ಆ ನೂರಕ್ಕೆ 52 ಮಂದಿಯ ಸಾಲಿನಲ್ಲಿ ಅವಳನ್ನೂ ನಿಲ್ಲಿಸಿ ನೋಡಬೇಕು. ಆಗ ಕೈಗೆ ಬಾಟಲಿ ಸಿಕ್ಕಿತ್ತು, ಈಗ ಅದೂ ಇಲ್ಲ.

ಎಲ್ಲ ಕಥೆಯೂ ಇಷ್ಟು ನೇರವಲ್ಲ. ಮರುವರ್ಷ, 2023ರ ಜುಲೈನಲ್ಲಿ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಕಟ್ಟಳೆಯಿಂದ ಊರಾಚೆಯ ಗುಡಿಸಲಿನಲ್ಲಿ ಬಾಣಂತಿ ಇದ್ದಳು. ಮಳೆ ಚಳಿಗೆ ಸಿಕ್ಕ ಹಸುಗೂಸು ತೀರಿಹೋಯಿತು. ಆ ಬಳಿಕ ಗುಬ್ಬಿಯ ನ್ಯಾಯಾಧೀಶರೊಬ್ಬರು ತಾಲ್ಲೂಕಿನ ಒಂದು ಹಟ್ಟಿಗೆ ತಾವೇ ಹೋಗಿ, ಗುಡಿಸಲಿನಲ್ಲಿದ್ದ ತಾಯಿ ಮಗುವನ್ನು ಮನೆಯೊಳಗೆ ಕರೆತಂದದ್ದು ಪತ್ರಿಕೆಗಳಲ್ಲಿ ಬಂತು. ಇಲ್ಲಿ ತಡೆದದ್ದು ಆಸ್ಪತ್ರೆಯ ಬಾಗಿಲಲ್ಲ, ಮನೆಯ ಬಾಗಿಲು. ಹಾಗಾದರೆ ಮತ್ತೆ ಜನರ ಅಜ್ಞಾನವೆಂದೇ ಬರೆದು ಮುಗಿಸಬೇಕೇ? ಸಂಶೋಧಕನ ನಿಜವಾದ ಪರೀಕ್ಷೆ ಇರುವುದು ಇಂಥಲ್ಲಿ. ಆ ಹಟ್ಟಿಯಲ್ಲಿ ಕಟ್ಟಳೆ ಬೇಡವೆನ್ನುವ ಹೆಂಗಸರೂ ಇರುತ್ತಾರೆ. ಅವರ ದನಿ ಯಾರ ಮುಂದೆ ಏಳುತ್ತದೆ, ಯಾರ ಮುಂದೆ ಅಡಗುತ್ತದೆ? ಆಸ್ಪತ್ರೆಯಿಂದ ಬಿಡುಗಡೆಯಾದ ಬಾಣಂತಿ ಎಲ್ಲಿ ಮಲಗುತ್ತಾಳೆಂದು ಯಾವ ಫಾರಂ ಕೇಳಿತ್ತು? ಬೈಯಲು ಹೋದವನಿಗೆ ಇದಕ್ಕೆ ಉತ್ತರ ಸಿಗದು. ಹೊಗಳಲು ಹೋದವನಿಗೂ ಸಿಗದು.

ಹಾಗಾದರೆ ಕಲಿಸುವುದು ಹೇಗೆ? ಕಡಬದಂಥ ಹೋಬಳಿ ಊರಿನಲ್ಲಿ ವಿದ್ಯಾರ್ಥಿಗಳ ಒಂದು ತಂಡವನ್ನು ಇಳಿಸಿದೆವೆಂದುಕೊಳ್ಳೋಣ. ಶಿಂಷಾ ನದಿಯ ನೀರು ನಿಲ್ಲುವ ದೊಡ್ಡ ಕೆರೆ, ಕೆರೆಯ ಕೆಳಗೆ ತೆಂಗು ಅಡಿಕೆ ತೋಟ, ಎತ್ತರದಲ್ಲಿ ರಾಗಿ ಹೊಲ, ಸುತ್ತ ಚದುರಿದ ಸಣ್ಣ ಹಳ್ಳಿ, ಕಾಲೋನಿ, ಹಟ್ಟಿ. ಬಂದವರು ಮೊದಲು ಪ್ರಶ್ನಾವಳಿ ಹಿಡಿದು ಮನೆಗಳಿಗೆ ನುಗ್ಗಬಾರದು. ಆಸ್ಪತ್ರೆಯ ಹೊರರೋಗಿಗಳ ರಿಜಿಸ್ಟರ್ ಮುಂದೆ ಕೂರಬೇಕು. ಕ್ರಮಸಂಖ್ಯೆ, ಹೆಸರು, ವಯಸ್ಸು, ಊರು, ತೊಂದರೆ, ಕೊಟ್ಟ ಔಷಧ, ಹೀಗೆ ಉದ್ದಕ್ಕೆ ಗೆರೆ ಎಳೆದ ದಪ್ಪ ಪುಸ್ತಕ ಅದು. ಒಂದು ತಿಂಗಳ ಪುಟಗಳನ್ನು ತಿರುವಿ, ಊರಿನ ಹೆಸರು ಕಂಡಂತೆಲ್ಲ ಕೈಯಲ್ಲಿ ಬರೆದ ನಕ್ಷೆಯ ಮೇಲೆ ಒಂದೊಂದು ಚುಕ್ಕಿ ಇಡುತ್ತ ಹೋಗಬೇಕು. ಸಂಜೆಗೆ ನಕ್ಷೆಯ ಕೆಲವು ಕಡೆ ಚುಕ್ಕಿಗಳು ಮುತ್ತಿಕೊಂಡಿರುತ್ತವೆ. ಕೆಲವು ಹೆಸರುಗಳ ಸುತ್ತ ಖಾಲಿ ಜಾಗ. ಆ ಖಾಲಿ ಜಾಗಕ್ಕೆ ಮರುದಿನ ನಡೆದುಕೊಂಡೇ ಹೋಗಬೇಕು.

ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಸಿಗುವುದು ಮುದುಕರು ಮತ್ತು ಕೂಸುಗಳು. ಕಾಯಿ ಕೀಳುವವನು, ಅಡಿಕೆ ಸುಲಿಯುವವಳು, ಗಾರೆ ಕೆಲಸಕ್ಕೆ ತುಮಕೂರಿನ ಬಸ್ಸು ಹಿಡಿದವನು ಯಾರೂ ಇರುವುದಿಲ್ಲ. ಅವರೆಲ್ಲ "ಮನೆಯಲ್ಲಿಲ್ಲ" ಎಂಬ ಖಾನೆಗೆ ಬಿದ್ದು ಸಮೀಕ್ಷೆಯಿಂದಲೇ ಜಾರಿಹೋಗುತ್ತಾರೆ. ಮೈಮುರಿದು ದುಡಿಯುವವರೇ ಅಂಕಿಯಿಂದ ಹೊರಗುಳಿದರೆ ಆ ಅಂಕಿಯಿಂದ ಬಂದ ನೀತಿ ಯಾರದಾದೀತು? ಆದ್ದರಿಂದ ಬೆಳಗಿನ ಆರಕ್ಕೆ, ಇಲ್ಲವೇ ದೀಪ ಹಚ್ಚುವ ಹೊತ್ತಿಗೆ ಹೋಗುವುದನ್ನು ಕಲಿಸಬೇಕು. ಊರ ನಡುವಿನ ಅರಳಿಕಟ್ಟೆಯಲ್ಲಿ ಕೂತು ಮಾತಾಡಿದರೆ ಕಾಲೋನಿಯವರು ದೂರವೇ ನಿಲ್ಲುತ್ತಾರೆ. ಕಾಲೋನಿಗೇ ಹೋಗಿ, ಅವರು ಕೊಟ್ಟ ನೀರು ಕುಡಿದು ಕೂರಬೇಕು. "ಅಕ್ಕ, ಹೋದ ಸಲ ಆಸ್ಪತ್ರೆಗೆ ಹೋದಾಗ ಏನಂದರು?" ಎಂದು ಕೇಳಿ ಬಾಯಿ ಮುಚ್ಚಿಕೊಳ್ಳಬೇಕು. ಬಸ್ಸಿಲ್ಲ ಎಂಬ ಉತ್ತರ ಬರಬಹುದು. ಕೂಲಿ ಹೋಗುತ್ತದೆ ಎಂಬ ಉತ್ತರ ಬರಬಹುದು. ಹೋದ ಸಲ ಆಡಿದ ಒಂದು ಬಿರುಮಾತು ಇನ್ನೂ ಮನಸ್ಸಿನಲ್ಲಿ ಕುಟುಕುತ್ತಿರಬಹುದು. ಕೊನೆಯದಕ್ಕೆ ಮುದ್ರಿತ ಪ್ರಶ್ನಾವಳಿಯಲ್ಲಿ ಖಾನೆಯೇ ಇರುವುದಿಲ್ಲ.

ಕಂಡುಕೊಂಡದ್ದನ್ನು ಅದೇ ಊರಿಗೆ ಕನ್ನಡದಲ್ಲಿ ತಿರುಗಿ ಹೇಳುವುದೂ ತರಬೇತಿಯ ಭಾಗವಾಗಬೇಕು. ಈಗ ನಮ್ಮ ಹಳ್ಳಿಗಳ ಕಾಯಿಲೆಯ ವಿವರ ಇಂಗ್ಲಿಷ್ ಪತ್ರಿಕೆಗಳಲ್ಲಿದೆ, ಹಳ್ಳಿಯ ಗ್ರಾಮಸಭೆಯಲ್ಲಿಲ್ಲ. ಆಶಾ ಕಾರ್ಯಕರ್ತೆ ಬರೆದುಕೊಟ್ಟ ಲೆಕ್ಕದಿಂದ ಯಾರೋ ಡಾಕ್ಟರೇಟ್ ಪಡೆಯುತ್ತಾರೆ, ಅವಳಿಗೆ ಆ ಪ್ರಬಂಧದ ಹೆಸರೂ ಗೊತ್ತಿರುವುದಿಲ್ಲ. ಇದೂ ಅಸಮಾನತೆಯೇ, ಸಂಶೋಧನೆ ತಾನೇ ಹುಟ್ಟಿಸಿದ ಅಸಮಾನತೆ.

ಅದಕ್ಕಿಂತ ಮುಖ್ಯ ಪ್ರಶ್ನೆ, ಸಂಶೋಧಕರಾಗುವವರು ಯಾರು ಎಂಬುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲಿ ಹುಟ್ಟಿದ ಸಿ. ಮಾದೇಗೌಡರು ಡಾಕ್ಟರೇಟ್ ಪಡೆದು ಅಶೋಕ ಪರಿಸರ ಸಂಶೋಧನಾ ಸಂಸ್ಥೆಯಲ್ಲಿ ಸಂಶೋಧಕರಾದರು. ತಮ್ಮ ಜನರ ಅರಣ್ಯ ಹಕ್ಕಿಗೆ 2011ರಲ್ಲಿ ಮನ್ನಣೆ ದೊರೆಯುವ ಹೋರಾಟದಲ್ಲೂ ಮುಂದೆ ನಿಂತರು. ಸೋಲಿಗರ ಊಟ, ಕಾಡು, ಆರೋಗ್ಯದ ನಂಟನ್ನು ಅವರಿಗೆ ಹೊರಗಿನವರು ಬಿಡಿಸಿ ಹೇಳಬೇಕಿಲ್ಲ. ಗುಬ್ಬಿ, ಕುಣಿಗಲ್ ಕಡೆಯಿಂದ ಅಂಥವರು ಏಳಬೇಕಾದರೆ ದಾರಿಗಳು ಬೇಕು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಕೋರ್ಸು ಇದೆ. ಮೈಸೂರಿನಲ್ಲಿ, ಮಣಿಪಾಲದಲ್ಲಿ ಇದೆ. ಬೆಂಗಳೂರಿನಲ್ಲಿ ತೆಲ್ಮಾ ನಾರಾಯಣ್ ಮತ್ತು ರವಿ ನಾರಾಯಣ್ ದಂಪತಿ 1984ರಲ್ಲಿ ಆರಂಭಿಸಿದ ಸಮುದಾಯ ಆರೋಗ್ಯ ಕೋಶ, ಮುಂದೆ ಸೊಚಾರಾ ಎಂದು ಹೆಸರಾದದ್ದು, ಎಷ್ಟೋ ಎಳೆಯರನ್ನು ಹಳ್ಳಿ ಕೊಳೆಗೇರಿಗಳಲ್ಲಿ ಓಡಾಡಿಸಿ ತಿದ್ದಿದೆ. ಆದರೂ ಖಾಸಗಿ ಕೋರ್ಸುಗಳ ಶುಲ್ಕ, ಪಾಠದ ಇಂಗ್ಲಿಷ್, ಎರಡೂ ದೊಡ್ಡ ಗೋಡೆಗಳು. ಆಶಾ ಕಾರ್ಯಕರ್ತೆಯ ಮಗಳು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಸಂಶೋಧನೆಗೆ ಬರಬೇಕೆಂದರೆ ಶಿಷ್ಯವೇತನ ಬೇಕು, ಕನ್ನಡದಲ್ಲಿ ಕಲಿತು ಕನ್ನಡದಲ್ಲಿ ಬರೆಯುವ ಅವಕಾಶವೂ ಬೇಕು.

ಒಂದು ಅವಕಾಶ ಈಗಾಗಲೇ ಕೈಗೆಟಕುವಷ್ಟು ಹತ್ತಿರದಲ್ಲಿದೆ. ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ಆರಿಸಿಕೊಂಡು ವರ್ಷಗಟ್ಟಲೆ ಹೋಗಿ ಬರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಕಡ್ಡಾಯ ಮಾಡಿದೆ. ತುಮಕೂರಿನಲ್ಲಿ ಸಿದ್ಧಾರ್ಥ ವೈದ್ಯಕೀಯ ಕಾಲೇಜಿದೆ, ಸಿದ್ಧಗಂಗಾ ವೈದ್ಯಕೀಯ ಕಾಲೇಜಿದೆ. ಅಲ್ಲಿಂದ ಹಳ್ಳಿಗೆ ಹೋಗುವ ಹುಡುಗರು ಸಾಮಾನ್ಯವಾಗಿ ತೂಕ, ಎತ್ತರ, ಬಿ.ಪಿ., ರಕ್ತದ ಹಿಮೋಗ್ಲೋಬಿನ್ ಬರೆದುಕೊಂಡು ಬರುತ್ತಾರೆ. ಅದೇ ಪುಸ್ತಕದಲ್ಲಿ ಇನ್ನೆರಡು ಖಾನೆ ಹಾಕಿಸಬಹುದು: ಈ ಮನೆಯವರು ಹೋದ ವರ್ಷ ಯಾವ ಯಾವ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದರು, ಅಲ್ಲಿ ಅವರಿಗೆ ಏನು ಕೊಟ್ಟರು, ಏನೆಂದರು. ವರ್ಷಕ್ಕೊಮ್ಮೆ ಆ ಉತ್ತರಗಳನ್ನು, ಮನೆಯವರ ಹೆಸರು ತೆಗೆದು, ವಿದ್ಯಾರ್ಥಿಗಳೇ ತಾಲ್ಲೂಕು ಆರೋಗ್ಯಾಧಿಕಾರಿಯ ಸಭೆಯಲ್ಲಿ ಓದಿ ಹೇಳಲಿ; ಆಶಾ ಕಾರ್ಯಕರ್ತೆಯರೂ ಗ್ರಾಮ ಪಂಚಾಯಿತಿ ಸದಸ್ಯರೂ ಅಲ್ಲಿ ಕೂತಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರವೂ ಬೇಡ. ಎರಡು ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗಗಳು ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಮೇಜಿನ ಸುತ್ತ ಕೂತು ಒಪ್ಪಿದರೆ ಬರುವ ಶೈಕ್ಷಣಿಕ ವರ್ಷದಿಂದಲೇ ಇದನ್ನು ಶುರುಮಾಡಬಹುದು.